ನಿಂತವ್ವನ ಬುಡದ ಮಾತು

ನಮ್ಮೂರಿಗೆ ಯಾರೇ ಹೊಸಬರು ಬಂದರೂ ನಾವು ಮೊದಲು ಒಂದು ಲೋಟ ನೀರು ಕೊಡುತ್ತೇವೆ, ಆಮೇಲೆ ಒಂದು ಬುದ್ಧಿಮಾತು ಹೇಳುತ್ತೇವೆ. ಚೌಕದಲ್ಲಿರುವ ನಿಂತವ್ವನನ್ನು ಎಷ್ಟು ಬೇಕಾದರೂ ನೋಡಿ, ಕೈ ಮುಗಿಯಿರಿ, ಫೋಟೊ ತೆಗೆಸಿಕೊಳ್ಳಿ. ಆದರೆ ಅವಳ ಬುಡದಲ್ಲಿ, ಕಾಲ ಮುಂದೆ ಹಾಸಿರುವ ಚಪ್ಪಡಿಯ ಮೇಲೆ ನಿಂತು ಅವಳ ವಿಚಾರವಾಗಿ ಬಾಯಿಗೆ ಬಂದಂತೆ ಮಾತಾಡಬೇಡಿ. ಅಲ್ಲಿ ನಿಂತು ಆಡಿದ್ದು ಬೆಳಗಾಗುವಷ್ಟರಲ್ಲಿ ಅವಳ ಮೈಯಲ್ಲಿ ಮೂಡಿರುತ್ತದೆ. ಹಿಂದೊಮ್ಮೆ ಒಬ್ಬ ಕುಡುಕ ಯಾರ ಮೇಲಿನ ಸಿಟ್ಟಿಗೋ ಅವಳನ್ನು ಮೊಂಡುಮೂಗಿ ಎಂದು ಬೈದು ಹೋಗಿದ್ದ. ಮಾರನೆಯ ದಿನ ಇಡೀ ಊರು ಸಾಲುಗಟ್ಟಿ ಬಂದು "ಎಂಥ ಎಸಳು ಮೂಗು ತಾಯಿ ನಿಂದು" ಎಂದು ಹೇಳಬೇಕಾಯಿತು. ಎಲ್ಲರೂ ಸ್ವಲ್ಪ ಜಾಸ್ತಿಯೇ ಹೊಗಳಿದರು ಅಂತ ಕಾಣುತ್ತದೆ, ಮೂಗು ಇವತ್ತಿಗೂ ಕೊಂಚ ಉದ್ದ.

ಅವಳು ಕಲ್ಲಿನ ಹೆಂಗಸು. ಎರಡಾಳೆತ್ತರ, ಎಡ ಸೊಂಟದ ಮೇಲೆ ಕೊಡ, ಕೆಳಗೆ ಕಟ್ಟೆ ಗಿಟ್ಟೆ ಏನೂ ಇಲ್ಲದೆ ಬರಿ ನೆಲದ ಮೇಲೆ ನಿಂತವಳು. ಯಾರು ಕಡೆದರೋ ಯಾರಿಗೂ ಗೊತ್ತಿಲ್ಲ. ಊರು ಅವಳಿಗೆ ಹೊಂದಿಕೊಂಡುಬಿಟ್ಟಿದೆ. ಚಪ್ಪಡಿಯ ಪಕ್ಕದಲ್ಲೇ ಹೂವು ಮಾರುವ ಜೈತೂನ್‌ಬೀ ಮೊಳದ ಲೆಕ್ಕ, ಚೌಕಾಸಿ, ಜಗಳ ಎಲ್ಲವನ್ನೂ ಬೆರಳಲ್ಲೇ ಮುಗಿಸುತ್ತಾಳೆ. ಪ್ರೀತಿ ಮಾಡುವ ಹುಡುಗರು ಆ ಕಡೆ ಸುಳಿಯುವುದಿಲ್ಲ. ಒಬ್ಬ ತನ್ನ ಹುಡುಗಿಗೆ "ನಿನ್ನದು ಮೀನಿನ ಕಣ್ಣು" ಎಂದದ್ದನ್ನು ನಿಂತವ್ವ ತನಗೇ ಹೇಳಿದ್ದೆಂದು ತಿಳಿದುಕೊಂಡು ದೊಡ್ಡ ರಾದ್ಧಾಂತವಾಗಿತ್ತು. ಚುನಾವಣೆಯ ಭಾಷಣವನ್ನಂತೂ ಯಾರೂ ಅಲ್ಲಿ ಮಾಡುವುದಿಲ್ಲ, ಅದೊಂದು ಪುಣ್ಯ. ಓದಿದವರು ಬರುತ್ತಾರೆ, ಅವಳ ಸಂಕೇತಾರ್ಥವನ್ನು ಚರ್ಚೆ ಮಾಡುತ್ತಾರೆ. ಅದನ್ನೆಲ್ಲ ಲಾಡ್ಜಿನಲ್ಲೇ ಮಾಡಿಕೊಳ್ಳಿ ಎಂದು ಕೈ ಮುಗಿದು ಕೇಳಿಕೊಳ್ಳುತ್ತೇವೆ. ಒಬ್ಬ ಪ್ರೊಫೆಸರು ಕೇಳದೆ ಚಪ್ಪಡಿ ಹತ್ತಿ, ಕೊಡವೆಂದರೆ ನಿಜಕ್ಕೂ ತಾಯಿಯ ಗರ್ಭ ಎಂದುಬಿಟ್ಟರು. ಬೆಳಗ್ಗೆ ನೋಡಿದರೆ ನಿಂತವ್ವನಿಗೆ ಹೊಟ್ಟೆ ಬಂದಿತ್ತು. ಊರಿನ ಹೆಂಗಸರು ಸಂಜೆಯವರೆಗೂ ಅವಳಿಗೆ ಮಡಿಲು ತುಂಬಿ, ಆಮೇಲೆ ಬೇಜಾರಿನಿಂದಲೇ ನಮ್ಮ ಅತ್ತೆಯನ್ನು ಕರೆದು ಸರಿಮಾಡಿಸಿದರು.

ಸರಿಮಾಡಿಸುವುದು ನಮ್ಮ ಮನೆಯ ಕೆಲಸ. ನಮ್ಮದು ಹೇಳೋರ ಮನೆ. ದಿನಾ ಬೆಳಗಿನ ಬಸ್ಸು ಬಂದ ಮೇಲೆ ಚಪ್ಪಡಿಯ ಮೇಲೆ ನಿಂತು ನಿಂತವ್ವನ ಚರಿತ್ರೆಯನ್ನು ಒಂದಕ್ಷರವೂ ಆಚೀಚೆಯಾಗದಂತೆ ಹೇಳಬೇಕು. ಅದರಿಂದಲೇ ಅವಳು ಇದ್ದ ಹಾಗೆ ಇರುತ್ತಾಳೆ. ಈ ಕೆಲಸ ತಾಯಿಯಿಂದ ಮಗಳಿಗೆ ಹೋಗುವುದಲ್ಲ, ಅತ್ತೆಯಿಂದ ಸೊಸೆಗೆ ಬರುವುದು. ಮಗಳು ಬೇರೆ ಊರು ಸೇರುತ್ತಾಳೆ, ಸೊಸೆ ತಪ್ಪಿಸಿಕೊಂಡು ಎಲ್ಲಿಗೆ ಹೋದಾಳು? ನಮ್ಮ ಅತ್ತೆ ದ್ಯಾವೀರಮ್ಮ ಮದುವೆಯಾದ ಹೊಸದರಲ್ಲೇ ನನಗೆ ಅದನ್ನು ಬಾಯಿಪಾಠ ಮಾಡಿಸಿದರು. ನೀರಿಲ್ಲದ ಕಾಲಕ್ಕೆ ನಡೆದು ಬಂದವಳು. ಬಂಡೆಯ ಬಿರುಕಲ್ಲಿ ತೇವ ಕಂಡವಳು. ಎಡ ಸೊಂಟದ ಮೇಲೆ ಕೊಡ ಇಟ್ಟವಳು. ಹಿಂದೆ ಬಂದವರ ಬೊಗಸೆಗೆ ನೀರು ಬಿಟ್ಟವಳು. ಕಡೆಯವರೂ ಕುಡಿಯಲೆಂದು ನಿಂತಳು. ನಿಂತಳು, ನಿಂತಳು, ನಿಂತೇ ಇದ್ದಾಳೆ. ಇಷ್ಟೇ ಚರಿತ್ರೆ. ಆದರೆ ಇದನ್ನು ಅತ್ತೆಯ ಬಾಯಲ್ಲಿ ಕೇಳಬೇಕಿತ್ತು. ಬಸ್ಸಿನ ಕಂಡಕ್ಟರು ಕೂಡ ಟಿಕೆಟ್ ಹರಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದ.

ಕಡೆಯವರು ಇನ್ನೂ ಬಂದಿಲ್ಲ, ಅದಕ್ಕೇ ಅವಳು ನಿಂತಿದ್ದಾಳೆ ಎನ್ನುವುದು ನಮ್ಮೂರು ಕಟ್ಟಿಕೊಂಡ ಅರ್ಥ. ಅರ್ಥ ಚೆನ್ನಾಗಿದೆ. ಬಸ್ ಸ್ಟ್ಯಾಂಡಿನಲ್ಲಿ, ಅಂಗಡಿಗಳ ಮುಂದೆ, ಮನೆ ಮನೆಯ ಜಗಲಿಯಲ್ಲಿ ನೀರಿನ ಕೊಡ ಇರುವುದು ಅದರಿಂದಲೇ. ಆದರೆ ಅದೇ ಅರ್ಥ ಮನೆಯ ಒಳಗೆ ಬಂದಾಗ ಹೆಂಗಸರ ಕಾಲಿಗೆ ಸುತ್ತಿಕೊಂಡಿತು. ಮನೆಯಲ್ಲಿ ಕಡೆಯವರು ಉಣ್ಣುವ ತನಕ ಹೆಂಗಸು ಕೂರಬಾರದು. ಕಡೆಯವರು ಅಂತ ಯಾವಾಗಲೂ ಯಾರೋ ಒಬ್ಬರು ಬಾಕಿ ಇದ್ದೇ ಇರುತ್ತಾರಲ್ಲ! ನಮ್ಮೂರ ಡಾಕ್ಟರು ಹೆಂಗಸರು ಬಾಗಿಲಲ್ಲಿ ಕಂಡ ಕೂಡಲೇ ಕೇಳದೆಯೇ ಮೊಣಕಾಲಿನ ಮಾತ್ರೆ ತೆಗೆದಿಡುತ್ತಾರೆ.

ನಾನು ಈ ಮನೆಗೆ ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ಸುಸ್ತಾಗಿ ಒರಳುಕಲ್ಲಿನ ಮೇಲೆ ಕುಂಡೆ ಊರಿದ್ದೆ. ಅತ್ತೆ ಅಡಿಗೆಮನೆಯಿಂದಲೇ ಕೂಗಿದರು: "ಏನೇ ಹೊಂಬಾಳೆ, ನಿಂತವ್ವ ಕೂತಳೇನೇ?" ನಮ್ಮೂರ ಅತ್ತೆಯರೆಲ್ಲ ಬೈಯುವುದು ಹೀಗೇ. ನನಗೆ ಮೈ ಉರಿದುಹೋಯಿತು. ಎದ್ದು ನಿಂತು, ಪಾತ್ರೆಗಳನ್ನೆಲ್ಲ ಬೇಕೆಂದೇ ಸದ್ದು ಮಾಡುತ್ತಾ ತೊಳೆದೆ. ಆದರೆ ಒಂದು ಮಾತು ಹೇಳಲೇಬೇಕು. ಆ ಮುದುಕಿ ನನ್ನನ್ನು ನಿಲ್ಲಿಸಿ ತಾನು ಕೂತವಳಲ್ಲ. ಅವರು ಕೂತು ಊಟ ಮಾಡಿದ್ದನ್ನು ನಾನು ನೋಡಿಯೇ ಇರಲಿಲ್ಲ. ಒಲೆಯ ಪಕ್ಕ ನಿಂತು, ತಟ್ಟೆಯನ್ನು ಎಡಗೈಯಲ್ಲಿ ಹಿಡಿದು, ಬಾಗಿಲ ಕಡೆ ಒಂದು ಕಣ್ಣಿಟ್ಟುಕೊಂಡೇ ನಾಲ್ಕು ತುತ್ತು ನುಂಗುತ್ತಿದ್ದರು. ಲಕ್ವ ಹೊಡೆದಾಗಲೂ ನಿಂತೇ ಇದ್ದರು. ನಮ್ಮ ಯಜಮಾನರಿಗೆ ಸಾರು ಬಡಿಸುತ್ತಾ ನಿಂತಲ್ಲೇ ಕುಸಿದರು.

ಜೀವ ಉಳಿಯಿತು, ಬಲಗೈ ಅಷ್ಟಿಷ್ಟು ಬಂತು, ಕೋಲು ಹಿಡಿದು ನಡೆಯುವಂತೆಯೂ ಆದರು. ಕೈಕೊಟ್ಟದ್ದು ನಾಲಿಗೆ. ಮಾತು ಸ್ಪಷ್ಟವಾಗಿಯೇ ಇತ್ತು, ಆದರೆ ಒಂದು ಪದ ತರಲು ಹೋಗಿ ಅದರ ಪಕ್ಕದ್ದನ್ನೋ ಎದುರಿನದ್ದನ್ನೋ ಹಿಡಿದುಕೊಂಡು ಬರುತ್ತಿದ್ದರು. ಸಕ್ಕರೆ ಸಾಲದೆ ಹೋದರೆ "ಉಪ್ಪು ಹಾಕು" ಅನ್ನುತ್ತಿದ್ದರು. ಬಾಗಿಲು ಹಾಕೆಂದರೆ ತೆಗೆ ಎಂದಿರಬಹುದು. ಒಂದೊಂದು ದಿನ ಎಲ್ಲವೂ ಸರಿಯಾಗಿಯೇ ಬರುತ್ತಿತ್ತು, ಅದರಿಂದಲೇ ಹೆಚ್ಚು ಕಷ್ಟ. ಇವತ್ತಿನ ಬಾ ಎಂದರೆ ಬಾ ಎಂದೋ ಹೋಗು ಎಂದೋ ಮುಖ ನೋಡಿ ತಿಳಿಯಬೇಕಿತ್ತು. ತಾನು ತಪ್ಪು ಪದ ಆಡಿದ್ದು ಅವರಿಗೆ ಗೊತ್ತೂ ಆಗುತ್ತಿರಲಿಲ್ಲ. ನಾವು ತಬ್ಬಿಬ್ಬಾದರೆ ನಮ್ಮ ಮೇಲೇ ರೇಗುತ್ತಿದ್ದರು.

ಕೊಂಚ ಚೇತರಿಸಿಕೊಂಡ ಕೂಡಲೇ, ನಾವು ಬೇಡವೆಂದರೂ ಕೇಳದೆ, ಚರಿತ್ರೆ ಹೇಳಲು ಹೋದರು. ಎಲ್ಲವನ್ನೂ ಚೆನ್ನಾಗಿಯೇ ಹೇಳಿದರು. ಒಂದೇ ಒಂದು ಕಡೆ ಕೊಡ ಎನ್ನುವಲ್ಲಿ ಕೊಡೆ ಎಂದರು. ಮಾರನೆಯ ದಿನ ನಿಂತವ್ವನ ಸೊಂಟದಲ್ಲಿ ಕೊಡ ಇರಲಿಲ್ಲ. ಮಡಚಿದ ಕೊಡೆಯೊಂದನ್ನು ಇರುಕಿಕೊಂಡು ಬಸ್ಸಿಗೆ ಕಾಯುವ ಟೀಚರಮ್ಮನ ಹಾಗೆ ನಿಂತಿದ್ದಳು. ಶಾಲೆಯ ಮಕ್ಕಳು ಕುಣಿದಾಡಿದವು. ಪುರಸಭೆಯ ಅಧ್ಯಕ್ಷರಾದ ಚಿಕ್ಕವೀರಣ್ಣನವರು ಮಾತ್ರ ಕುಣಿಯಲಿಲ್ಲ. ಪುರಸಭೆಯ ಮುದ್ರೆಯಲ್ಲಿ, ಶಾಲೆಯ ಬ್ಯಾಡ್ಜಿನಲ್ಲಿ, ಬಸ್ಸಿನ ಪಕ್ಕೆಯಲ್ಲಿ ಎಲ್ಲೆಲ್ಲೂ ಕೊಡ ಹೊತ್ತವಳ ಚಿತ್ರವೇ ಇದೆಯಲ್ಲ. ಅಂದೇ ನಾನು ಹೋಗಿ ಕೊಡ, ಕೊಡ ಎಂದು ಒತ್ತಿ ಹೇಳಿ ಸರಿಮಾಡಿದೆ. ಅಂದಿನಿಂದ ಹೇಳುವ ಕೆಲಸ ನನ್ನದಾಯಿತು. ದ್ಯಾವೀರಮ್ಮನವರು ಚಪ್ಪಡಿ ಹತ್ತಕೂಡದು ಎಂದು ಅಧ್ಯಕ್ಷರು ನಮ್ಮ ಮನೆಗೇ ಬಂದು, ಆದಷ್ಟು ಮೆತ್ತಗೆ, ಹೇಳಿಹೋದರು.

ಅತ್ತೆ ಅದನ್ನು ಕೇಳಿ ಗೋಡೆಯ ಕಡೆ ತಿರುಗಿ ಮಲಗಿದರು. ಅಷ್ಟೇ, ಆಮೇಲೆ ಈ ಕಡೆ ತಿರುಗಿದ್ದೇ ಕಡಿಮೆ. ಊಟ ಸೇರುತ್ತಿರಲಿಲ್ಲ. ನಡೆಯುತ್ತಿದ್ದವರು ನಡೆಯುವುದನ್ನು ಬಿಟ್ಟರು. ದಿನಾ ಬೆಳಗ್ಗೆ ಬಸ್ಸಿನ ಹಾರನ್ ಕೇಳಿದಾಗ ಮಾತ್ರ ಮೈ ಒಮ್ಮೆ ಅಲುಗುತ್ತಿತ್ತು, ತುಟಿ ಆಡುತ್ತಿತ್ತು. ನಾನು ಸೆರಗು ಸರಿಮಾಡಿಕೊಂಡು ಚೌಕಕ್ಕೆ ಹೊರಡುವುದನ್ನು ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿಸಿಕೊಳ್ಳುತ್ತಿದ್ದರು. ಡಾಕ್ಟರು ನೋಡಿ, "ಔಷಧಿ ನನ್ನ ಹತ್ರ ಇಲ್ಲ ಕಣಮ್ಮ. ಅವರಿಗೆ ಏನು ಬೇಕು ಕೇಳು, ಅದನ್ನ ಕೊಡು" ಎಂದರು. ನನಗೆ ಹೆದರಿಕೆಯಾಯಿತು. ಇಷ್ಟು ವರ್ಷ ಬೈಸಿಕೊಂಡ ಬಾಯಿ ಅದು, ಅದು ಮುಚ್ಚಿಹೋದರೆ ಮನೆಯಲ್ಲಿ ನಾನು ಹೇಗಿರಲಿ ಎಂದು ನಿಜಕ್ಕೂ ಅಳು ಬಂತು. ಮಂಚದ ಪಕ್ಕ ನಿಂತು ಕೇಳಿದೆ, "ಅತ್ತೆ, ಏನು ಬೇಕು ನಿಮಗೆ? ಬಾಯಿಬಿಟ್ಟು ಹೇಳಿ."

"ಒಂದ್ಸಲ," ಎಂದರು. "ಒಂದೇ ಸಲ. ಹೇಳ್ಬೇಕು."

ನಾನು ಪುರಸಭೆಗೆ ಹೋದೆ. ಅಧ್ಯಕ್ಷರು ಕೆಟ್ಟವರೇನಲ್ಲ, ಊರಿನ ಮರ್ಯಾದೆಯನ್ನು ತನ್ನ ಮನೆಯ ಹೆಣ್ಣುಮಗಳ ಮರ್ಯಾದೆಯ ಹಾಗೆ ಕಾಯುವ ಮನುಷ್ಯ. ಅದೇ ತೊಂದರೆ.

"ಆಗಲ್ಲ ಹೊಂಬಾಳಮ್ಮ. ಮೊನ್ನೆ ಕೊಡೆ ಆಯ್ತು. ನಾಳೆ ಇನ್ನೇನು ಬಾಯಿಗೆ ಬರುತ್ತೋ. ಮುಖ ಗಿಖ ಕೆಟ್ಟರೆ ಏನು ಗತಿ?"

"ಕೆಟ್ಟರೆ ಸರಿಮಾಡಕ್ಕೆ ನಾನಿಲ್ವಾ ಸ್ವಾಮಿ? ಮಾರನೇ ದಿನವೇ ಹೇಳಿ ಸರಿಮಾಡ್ತೀನಿ. ಒಂದು ದಿನದ ಮಟ್ಟಿಗೆ ಹೆಚ್ಚುಕಮ್ಮಿ ಆದರೆ ಊರೇನು ಮುಳುಗಿಹೋಗುತ್ತಾ?"

"ಮಾತು ಕೊಡ್ತೀಯಾ?"

"ಕೊಟ್ಟೆ."

"ತಪ್ಪಿದರೆ ಹೇಳೋರ ಕೆಲಸ ಬೇರೆ ಮನೆಗೆ ಹೋಗುತ್ತೆ, ಆಮೇಲೆ ಅಳಬಾರದು," ಎಂದರು ಅಧ್ಯಕ್ಷರು. ನಾನು ಹೂಂ ಎಂದು ಬಂದೆ.

ಸುದ್ದಿ ಊರೆಲ್ಲ ಹರಡಿತು. ಅತ್ತೆ ಹೇಳುವ ದಿನ ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅತ್ತೆಗೆ ಹಸಿರು ಸೀರೆ ಉಡಿಸಿ, ಕುರ್ಚಿಯಲ್ಲಿ ಕೂರಿಸಿ, ನಮ್ಮ ಯಜಮಾನರೂ ಬಸ್ಸಿನ ಕಂಡಕ್ಟರೂ ಸೇರಿ ಹೊತ್ತು ತಂದರು. ಕೂತೇ ಹೇಳಿ ಎಂದು ಎಲ್ಲರೂ ಅಂದರು. ಅತ್ತೆ ಕೇಳಬೇಕಲ್ಲ! ಕುರ್ಚಿಯ ಕೈ ಹಿಡಿದು ಒದ್ದಾಡಿ ಎದ್ದರು, ನನ್ನ ಭುಜದ ಮೇಲೆ ಭಾರ ಹಾಕಿ ಚಪ್ಪಡಿಯ ಮೇಲೆ ನಿಂತರು. ಕಾಲು ನಡುಗುತ್ತಿರುವುದು ನನ್ನ ಮೈಗೆ ತಿಳಿಯುತ್ತಿತ್ತು. ಆದರೆ ಬಾಯಿ ತೆರೆದ ಕೂಡಲೇ ಹಳೆಯ ದನಿಯೇ ಬಂತು. "ನೀರಿಲ್ಲದ ಕಾಲಕ್ಕೆ ನಡೆದು ಬಂದವಳು," ಎಂದರು. ಬಂಡೆ ಬಂಡೆಯಾಗಿಯೇ ಬಂತು, ತೇವ ತೇವವಾಗಿಯೇ ಬಂತು. ಕೊಡ ಬರುವ ಜಾಗದಲ್ಲಿ ಜನವೆಲ್ಲ ಉಸಿರು ಬಿಗಿಹಿಡಿಯಿತು. "ಎಡ ಸೊಂಟದ ಮೇಲೆ ಕೊಡ ಇಟ್ಟವಳು." ಗೆದ್ದೆವು ಎಂದುಕೊಂಡೆ. ಬೊಗಸೆಗೆ ನೀರೂ ಸರಿಯಾಗಿಯೇ ಬಿತ್ತು. ಅಧ್ಯಕ್ಷರು ಟವಲಿನಿಂದ ಹಣೆ ಒರೆಸಿಕೊಂಡರು. ಅತ್ತೆ ತಲೆಯೆತ್ತಿ ನಿಂತವ್ವನ ಮುಖವನ್ನು ಒಮ್ಮೆ ನೋಡಿದರು. ಆಮೇಲೆ ನಿಧಾನವಾಗಿ, ಒಂದೊಂದೇ ಮಾತನ್ನು ಆರಿಸಿ ಇಡುವಂತೆ ಹೇಳಿದರು: "ಕಡೆಯವರೂ ಕುಡಿಯಲೆಂದು ಕೂತಳು. ಕೂತಳು, ಕೂತಳು, ಕೂತೇ ಇದ್ದಾಳೆ."

ಅಧ್ಯಕ್ಷರ ಕೈಯ ಟವಲು ಮತ್ತೆ ಹಣೆಗೆ ಹೋಯಿತು. ಅಲ್ಲಿ ನಿಂತು ಬೈಯುವ ಹಾಗೂ ಇರಲಿಲ್ಲ. ಅತ್ತೆಯ ಮುಖ ಮಾತ್ರ ಬೆಳಗುತ್ತಿತ್ತು. ಮನೆಗೆ ಬರುವಾಗ ಕುರ್ಚಿಯಿಂದ ಬಾಗಿ ನನ್ನ ಕೈ ಹಿಡಿದು "ತಪ್ಪಾಯ್ತಾ?" ಎಂದು ಕೇಳಿದರು. ತಪ್ಪಾಯಿತಾ ಎಂದು ಕೇಳಿದರೋ ಸರಿಯಾಯಿತಾ ಎಂದು ಕೇಳಿದರೋ, ದೇವರಿಗೇ ಗೊತ್ತು. ನಾನು "ಬಹಳ ಚೆನ್ನಾಗಿ ಹೇಳಿದ್ರಿ ಅತ್ತೆ" ಎಂದೆ. ಅಂದು ಅವರು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರು. ಇಡೀ ದಿನ ಗೋಡೆಯ ಕಡೆ ತಿರುಗಲಿಲ್ಲ.

ಬೆಳಗ್ಗೆ ಮೊದಲು ನೋಡಿದವಳು ಜೈತೂನ್‌ಬೀ. ಹೂವಿನ ಬುಟ್ಟಿಯನ್ನು ಅಲ್ಲೇ ಬಿಟ್ಟು ನಮ್ಮ ಮನೆಗೆ ಓಡಿ ಬಂದಳು. "ಹೊಂಬಾಳಕ್ಕಾ, ಬಾರವ್ವಾ ಬೇಗ! ಕೂತವ್ಳೆ ಕಣಕ್ಕಾ, ಕಾಲು ಚಾಚ್ಕೊಂಡು ಕೂತವ್ಳೆ!"

ಹೋಗಿ ನೋಡಿದೆ. ನಿಜವಾಗಿಯೂ ಕೂತಿದ್ದಳು. ಕೆಲಸ ಮುಗಿಸಿದ ಹೆಂಗಸರು ಜಗಲಿಗೆ ಬೆನ್ನು ಕೊಟ್ಟು ಎರಡೂ ಕಾಲು ಮುಂದೆ ಬಿಟ್ಟು ಕೂರುತ್ತಾರಲ್ಲ, ಹಾಗೆ. ಕೊಡವನ್ನು ಪಕ್ಕದಲ್ಲಿ ನೆಲಕ್ಕಿಟ್ಟಿದ್ದಳು. ಅದರ ಬಾಯಿಯ ಮೇಲೆ ಎಡಗೈ ಸಡಿಲವಾಗಿ ಬಿದ್ದಿತ್ತು. ಇಷ್ಟು ಕಾಲ ತಲೆಯೆತ್ತಿ ನೋಡುತ್ತಿದ್ದ ಮುಖ ಈಗ ಹತ್ತಿರದಲ್ಲೇ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ ಅವಳ ಅಂಗಾಲು ಕಾಣುತ್ತಿತ್ತು. ಅದನ್ನು ಯಾರೂ ನೋಡಿರಲಿಲ್ಲ. ಹಿಮ್ಮಡಿಯ ತುಂಬ ಆಳವಾದ ಬಿರುಕುಗಳಿದ್ದವು, ನನ್ನ ಹಿಮ್ಮಡಿಯ ಹಾಗೆ, ಜೈತೂನ್‌ಬೀಯ ಹಿಮ್ಮಡಿಯ ಹಾಗೆ. ಮಧ್ಯಾಹ್ನದ ಹೊತ್ತಿಗೆ ಊರಿನ ಹೆಂಗಸರೆಲ್ಲ ಬಂದರು. ಯಾರೋ ಹರಳೆಣ್ಣೆ ತಂದು ಆ ಬಿರುಕುಗಳಿಗೆ ಹಚ್ಚಿ ನೀವತೊಡಗಿದರು. ಇನ್ನೊಬ್ಬಳು ಅವಳ ಮೊಣಕಾಲಿನ ಮೇಲೆ ತಲೆಯಿಟ್ಟು ಸುಮ್ಮನೆ ಕಣ್ಣು ಮುಚ್ಚಿದಳು.

ಸಂಜೆ ಅಧ್ಯಕ್ಷರು ಬಂದರು. ಅವರ ಮುಖ ನೋಡಿ ನನಗೇ ಅಯ್ಯೋ ಅನ್ನಿಸಿತು. "ನಿಂತವ್ವ ಅಂತ ಹೆಸರಿಟ್ಕೊಂಡು ಕೂತರೆ ಹೊರಗಿನೋರು ನಗಲ್ವೇನಮ್ಮ? ಕಡೆಯೋನು ಬರೋ ತನಕ ಕಾಯ್ತಾಳೆ ಅಂತಲ್ವಾ ನಮ್ಮೂರಿಗೆ ಬೆಲೆ? ನಾಳೆ ಬಸ್ಸು ಬರೋ ಹೊತ್ತಿಗೆ ಸರಿಮಾಡ್ಬೇಕು. ಮಾತು ಕೊಟ್ಟಿದ್ದೀಯ."

"ಮಾಡ್ತೀನಿ ಸ್ವಾಮಿ," ಎಂದೆ. ಮಾಡುವ ಮನಸ್ಸಿನಿಂದಲೇ ಎಂದೆ. ಕೊಟ್ಟ ಮಾತು ತಪ್ಪುವ ಜಾತಿಯಲ್ಲ ನಾನು. ಅದಲ್ಲದೆ ಅಷ್ಟು ತಲೆಮಾರಿನಿಂದ ಬಂದ ಕೆಲಸ ನನ್ನ ಕಾಲದಲ್ಲಿ ಮನೆ ಬಿಟ್ಟು ಹೋದರೆ ಅತ್ತೆಗೆ ಯಾವ ಮುಖ ತೋರಿಸಲಿ?

ಮಾರನೆಯ ದಿನ ಚಪ್ಪಡಿ ಹತ್ತಿ ಶುರುಮಾಡಿದೆ. ನಡೆದು ಬಂದವಳು ಎಂದೆ, ತೇವ ಕಂಡವಳು ಎಂದೆ, ಕೊಡ ಇಟ್ಟವಳು, ನೀರು ಬಿಟ್ಟವಳು, ಎಲ್ಲ ಬಂತು. ಕಡೆಯವರೂ ಕುಡಿಯಲೆಂದು ಎಂದು ಹೇಳಿ, ನಿಂತಳು ಎನ್ನಬೇಕು, ಅಷ್ಟರಲ್ಲಿ ಅವಳ ಮುಖ ಕಂಡಿತು. ಹತ್ತಿರದಲ್ಲೇ ಇತ್ತಲ್ಲ, ನೋಡದಿರಲು ಆಗಲಿಲ್ಲ. ಈಗ ತಾನೇ ಕೂತು, ಅಮ್ಮಾ ಎಂದು ಉಸಿರು ಬಿಟ್ಟವಳ ಮುಖ. ಕೂತು ಉಸಿರು ಬಿಡುತ್ತಿರುವ ಹೆಂಗಸಿಗೆ ಏಳು ಎನ್ನಲು ನನಗೆ ಬಾಯಿ ಬರಲಿಲ್ಲ. ಯಾರಿಗೆ ತಾನೇ ಬಂದೀತು? ಕಾದೂ ಕಾದೂ ಜನ ಮಿಸುಕಾಡಿತು. ನಾನು ಗಟ್ಟಿಯಾಗಿ ಹೇಳಿದೆ: "ಕಡೆಯವರೂ ಕುಡಿದರು. ಕುಡಿದವರು ಅವಳ ಸೊಂಟದಿಂದ ಕೊಡ ಇಳಿಸಿಕೊಂಡರು. ಅವಳು ಕೂತಳು. ಕೂತಳು, ಕೂತಳು, ಕೂತೇ ಇದ್ದಾಳೆ."

ಅಧ್ಯಕ್ಷರ ಮುಖ ಕೆಂಪಾಯಿತು. ಬೈಯಬೇಕೆಂದು ಬಾಯಿ ತೆರೆದರು. ಆದರೆ ಅವರ ಒಂದು ಕಾಲು ಚಪ್ಪಡಿಯ ಮೇಲಿತ್ತು. ಏನು ಬೈದರೂ ನಾಳೆ ಅದು ಅವಳ ಮೈಯಲ್ಲಿ ಮೂಡುತ್ತದೆಂದು ನೆನಪಾಗಿ ಬಾಯಿ ಮುಚ್ಚಿಕೊಂಡರು. ಮತ್ತೆ ತೆರೆದರು, ಮತ್ತೆ ಮುಚ್ಚಿದರು. ಅಷ್ಟರಲ್ಲಿ ಗುಂಪಿನಿಂದ ಅವರ ತಾಯಿಯೇ ಊರುಗೋಲು ಬಿಟ್ಟು ನಿಧಾನವಾಗಿ ಬಂದು ಕಲ್ಲಿನವಳ ಪಕ್ಕ ನೆಲದ ಮೇಲೆ ಕೂತು ಕಾಲು ಚಾಚಿದರು. ಅವರನ್ನು ನೋಡಿ ಜೈತೂನ್‌ಬೀ ಕೂತಳು. ಅಧ್ಯಕ್ಷರು ತಾಯಿಯನ್ನು ನೋಡಿ, ಚಪ್ಪಡಿಯಿಂದ ಕಾಲು ತೆಗೆದು, ಬಸ್ ಸ್ಟ್ಯಾಂಡಿನ ಕೊಡದಿಂದ ಒಂದು ಲೋಟ ನೀರು ತಂದು ಕೊಟ್ಟರು. ಪುರಸಭೆಯ ಮುದ್ರೆ ಬದಲಾಯಿಸುವ ಚರ್ಚೆ ಇವತ್ತಿಗೂ ಮುಗಿದಿಲ್ಲ. ಮುದ್ರೆಯಲ್ಲಿ ಅವಳು ನಿಂತೇ ಇದ್ದಾಳೆ. ಹೇಳೋರ ಕೆಲಸ ಕಿತ್ತುಕೊಳ್ಳುವ ವಿಷಯವನ್ನು ಯಾರೂ ಎತ್ತಲಿಲ್ಲ.

ನಾನು ಮನೆಗೆ ಬಂದು, ಅನ್ನ ಕಲಸಿಕೊಂಡು ಅತ್ತೆಯ ಮಂಚದ ಬಳಿ ಹೋದೆ. ದಿನವೂ ಮಾಡುವಂತೆ ನಿಂತೇ ತಿನ್ನಿಸುತ್ತಾ, ನಡೆದದ್ದನ್ನೆಲ್ಲ ಹೇಳಿದೆ. "ನೀವು ಹೇಳಿದ ಹಾಗೇ ಹೇಳಿದೆ ಅತ್ತೆ, ಕೂತಳು ಅಂತಲೇ ಅಂದೆ" ಎಂದೆ. ಅತ್ತೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಕಷ್ಟಪಟ್ಟು ಗೋಡೆಯ ಕಡೆ ಸರಿದು ಮಂಚದಲ್ಲಿ ಜಾಗ ಮಾಡಿ, ಅಲ್ಲಿ ಕೈಯಿಂದ ತಟ್ಟಿದರು.

"ನಿಂತ್ಕೋ," ಎಂದರು.

ನನಗೆ ಅರ್ಥವಾಗಲಿಲ್ಲ. ನಿಂತೇ ಇದ್ದೇನಲ್ಲ ಎಂದೆ. ಅವರು ಆ ಖಾಲಿ ಜಾಗವನ್ನು ಮತ್ತೆ ತಟ್ಟಿದರು. "ನಿಂತ್ಕೋ ಅಂದ್ರೆ. ಎಷ್ಟೊತ್ತು ಹಂಗೇ ಕೂತಿರ್ತೀಯ, ಕಾಲು ನೋಯಲ್ವಾ?"

ತಟ್ಟೆ ಹಿಡಿದ ಕೈ ಅಲ್ಲೇ ನಿಂತಿತು. ಅವರ ನಾಲಿಗೆಯಲ್ಲಿ ಕೂರುವುದಕ್ಕೆ ನಿಲ್ಲುವುದು ಎಂದಾಗಿತ್ತು, ನಿಲ್ಲುವುದಕ್ಕೆ ಕೂರುವುದು ಎಂದಾಗಿತ್ತು. ಹಾಗಾದರೆ ಅಂದು ಚಪ್ಪಡಿಯ ಮೇಲೆ ಅತ್ತೆಯ ಮನಸ್ಸಿನಲ್ಲಿದ್ದದ್ದು ನಿಂತಳು ಎಂಬ ಮಾತೇ. ಅವರು ಒಂದಕ್ಷರವನ್ನೂ ಆಚೀಚೆ ಮಾಡಲು ಹೋಗಿರಲಿಲ್ಲ. ಆಚೀಚೆ ಮಾಡಿದವಳು ನಾನು. ನಗು ಬಂತೋ ಅಳು ಬಂತೋ, ಎರಡೂ ಬಂತು. ನಮ್ಮ ಯಜಮಾನರು ಇನ್ನೂ ಊಟಕ್ಕೆ ಬಂದಿರಲಿಲ್ಲ. ಅತ್ತೆ ತಮ್ಮ ಎಡಗೈಯಿಂದ ನನ್ನ ಸೆರಗು ಹಿಡಿದು ಕೆಳಗೆಳೆದರು, ತಟ್ಟೆಯಿಂದ ಒಂದು ತುತ್ತನ್ನು ನಡುಗುವ ಬಲಗೈಯಲ್ಲಿ ಎತ್ತಿ ನನ್ನ ಬಾಯಿಯ ಹತ್ತಿರ ತಂದರು.

"ಹೊಂಬಾಳೆ," ಎಂದರು, "ನಿಂತ್ಕೊಳ್ಳೇ ಸಾಕು."

ನಾನು ಕೂತೆ.